ಆ ರಾತ್ರಿಯನ್ನು 108 ತುಂಡು ಮಾಡುವುದು ಹೇಗೆ?

ಪ್ರಶ್ನೆ: ನಾನು ಕೆ.ಆರ್. ಪೇಟೆ ತಾಲ್ಲೂಕು ಕಿಕ್ಕೇರಿ ಕಡೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೋದ ವರ್ಷ ಚಳಿಗಾಲದಲ್ಲಿ ನನ್ನ ತಂಗಿ ಮಗನಿಗೆ ನ್ಯುಮೋನಿಯಾ ಆಗಿ ಒಂದು ರಾತ್ರಿ ಉಸಿರಾಡುವುದೇ ಕಷ್ಟವಾಯಿತು. ಎದುರುಮನೆಯವರ ಓಮ್ನಿಯಲ್ಲಿ ಕೆ.ಆರ್. ಪೇಟೆ ತನಕ, ಅಲ್ಲಿಂದ 108 ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಟೆವು. ಚಿನಕುರಳಿ ದಾಟಿದ ಮೇಲೆ ಕಬ್ಬಿನ ಟ್ರೇಲರ್ ಮಗುಚಿ ರಸ್ತೆ ಕಟ್ಟಿಹೋಗಿತ್ತು. ಪಕ್ಕದ ಆಲೆಮನೆಯವರು ಓಡಿಬಂದು ಕಬ್ಬು ಎತ್ತಿಹಾಕಿ ದಾರಿ ಬಿಡಿಸಿದರು. ಹುಡುಗ ಈಗ ಆರಾಮಾಗಿದ್ದಾನೆ, ಆರು ವರ್ಷ ತುಂಬುತ್ತದೆ. ತಂಗಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಟಿದ್ದಳು ಅಂತ ಮೈಸೂರಿಗೆ ಹೋದ ಮೇಲೆ ಗೊತ್ತಾಯಿತು. ಈಗ ಅದನ್ನು ನೆನೆದು ನಗುತ್ತೇವೆ.

ಅಲಾಸ್ಕಾದಲ್ಲಿ ನಾಯಿಗಳು ಮಕ್ಕಳಿಗೆ ಔಷಧಿ ತಂದ ಕಥೆಯನ್ನು ಶಾಲೆಯಲ್ಲಿ ಹೇಳಿದ್ದೆ. ಅವತ್ತಿನಿಂದ ನಮ್ಮ ರಾತ್ರಿಯನ್ನೂ ತುಂಡು ಜೋಡಿಸಿ ಆಡುವ ಒಂದು ಜಿಗ್ಸಾ ಚಿತ್ರ ಮಾಡಿ ಅವನ ಹುಟ್ಟುಹಬ್ಬಕ್ಕೆ ಕೊಡುವ ಆಸೆ. ಎರಡು ಚಿತ್ರ ಬರೆದಿದ್ದೇನೆ, ಜೊತೆಗೆ ಕಳಿಸಿದ್ದೇನೆ. ಒಂದರಲ್ಲಿ ಆಸ್ಪತ್ರೆ ಹಾಸಿಗೆ, ಆಕ್ಸಿಜನ್ ಮಾಸ್ಕ್ ಹಾಕಿದ ಹುಡುಗ, ಡಾಕ್ಟರು. ಇನ್ನೊಂದರಲ್ಲಿ ರಾತ್ರಿಯ ರಸ್ತೆ. ಎರಡನೆಯದು ಪ್ರಿಂಟ್ ಹಾಕಿಸಿದರೆ ಪೂರ್ತಿ ಕಪ್ಪು ಹಲಗೆ ಹಾಗೆ ಬಂತು. ಯಾವ ಚಿತ್ರ ತಗೊಳ್ಳಲಿ? ಎಷ್ಟು ತುಂಡು? ಯಾವ ಹಲಗೆ? ಹುಡುಗನಿಗೆ ಅಕ್ಕ ಇದ್ದಾಳೆ, ಒಂಬತ್ತು ವರ್ಷ. ಅವಳೂ ಆಡುತ್ತಾಳೆ. ಇನ್ನೊಂದು, ಇದನ್ನು ನೋಡಿ ಅವನಿಗೆ ಭಯ ಆಗುತ್ತದಾ?

ಉತ್ತರ:

ಮೇಷ್ಟ್ರೇ, ಆಸ್ಪತ್ರೆಯ ಚಿತ್ರವನ್ನು ಪಕ್ಕಕ್ಕಿಡಿ. ಚೆನ್ನಾಗಿಲ್ಲ ಅಂತಲ್ಲ. ಮಾಸ್ಕಿನ ಮೇಲೆ ಬಿದ್ದ ಬೆಳಕು ನೋಡಿದರೆ ನಿಮ್ಮ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುತ್ತದೆ. ಆದರೆ ಅದು ಗೋಡೆಗೆ ಹಾಕುವ ಚಿತ್ರ. ಜಿಗ್ಸಾಗೆ ಬೇಡ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಎಡವಟ್ಟು ಹೇಳಬೇಕು.

ನಾನು ಮೈಸೂರಿನಲ್ಲಿ ಇನ್‌ಲೇ ಕೆಲಸ, ಅಂದರೆ ಮರದೊಳಗೆ ಬೇರೆ ಮರದ ಚೂರು ಕೂರಿಸಿ ಚಿತ್ರ ಮಾಡುವುದನ್ನು ಕಲಿತವನು. ಬೀಟೆ ಮರದಲ್ಲಿ ಆನೆ, ಹಳ್ಳಿ, ದಸರಾ ಕೂರಿಸುತ್ತಿದ್ದೆ. ಆಮೇಲೆ ಮಕ್ಕಳ ಜಿಗ್ಸಾ ಕತ್ತರಿಸುವ ಹುಚ್ಚು ಹತ್ತಿತು. ಸುಮಾರು ಹನ್ನೆರಡು ವರ್ಷದ ಹಿಂದೆ ಒಬ್ಬ ತಾಯಿ ಬಂದರು. ಮಗಳಿಗೆ ದೊಡ್ಡ ಆಪರೇಷನ್ ಆಗಿ ಮನೆಗೆ ಬಂದಿದ್ದಳು. ಆಸ್ಪತ್ರೆ ಹಾಸಿಗೆಯ ಮೇಲೆ ಕೂತು ಕೈ ಬೀಸುತ್ತಿರುವ ಫೋಟೋ ಕೊಟ್ಟು, ಇದನ್ನೇ ಪಜಲ್ ಮಾಡಿಕೊಡಿ ಅಂದರು. 48 ತುಂಡು ಮಾಡಿದೆ. ಮುಖ ಎರಡು ಭಾಗ ಆದರೆ ಸರಿ ಕಾಣುವುದಿಲ್ಲ ಅಂತ ಗೆರೆ ತಿರುಗಿಸಿ, ಮುಖ ಪೂರ್ತಿ ಒಂದೇ ತುಂಡಿನಲ್ಲಿ ಬರುವ ಹಾಗೆ ಕತ್ತರಿಸಿದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ತಿಂಗಳಾದ ಮೇಲೆ ಆ ತಾಯಿ ಫೋನ್ ಮಾಡಿದರು. ಒಂದು ತುಂಡು ಕಳೆದಿದೆ, ಮುಖದ್ದು. ಇನ್ನೊಂದು ಕತ್ತರಿಸಿ ಕೊಟ್ಟೆ. ಅದೂ ಕಳೆಯಿತು. ಆಯುಧಪೂಜೆಗೆ ಮನೆ ಗುಡಿಸುವಾಗ ಅಕ್ಕಿ ಡಬ್ಬದ ಹಿಂದೆ ಎರಡೂ ಸಿಕ್ಕಿದವಂತೆ. ಒಂದರ ಮೇಲೊಂದು, ಮುಖ ಗೋಡೆ ಕಡೆ ತಿರುಗಿಸಿ ಇಟ್ಟಿದ್ದಳು. ಮಗು ಕಳೆದಿರಲಿಲ್ಲ. ಬಚ್ಚಿಟ್ಟಿತ್ತು.

ಅವತ್ತು ನನಗೆ ಹೊಳೆದದ್ದು ಇಷ್ಟು. ಗೋಡೆಯ ಚಿತ್ರ ಬೇಡ ಅನಿಸಿದರೆ ಕಣ್ಣು ಆಚೆ ತಿರುಗಿಸಬಹುದು. ಜಿಗ್ಸಾದಲ್ಲಿ ಆಗುವುದಿಲ್ಲ. ಒಂದೊಂದು ತುಂಡನ್ನೂ ಕೈಗೆ ತಗೋಬೇಕು, ತಿರುಗಿಸಬೇಕು, ಗುರುತು ಹಿಡಿಯಬೇಕು, ಎಲ್ಲಿಗೆ ಸೇರುತ್ತದೆ ಅಂತ ಹುಡುಕಬೇಕು. ನೀವು ಮಾಸ್ಕ್ ಬರೆದರೆ ಆ ಹುಡುಗ ಮಾಸ್ಕನ್ನು ಹುಡುಕುತ್ತಾ ಕೂರುತ್ತಾನೆ. ಪ್ರತಿ ಸಲ ಆಡಿದಾಗಲೂ. ಹಾಗಾಗಿ ಚಿತ್ರ ಶುರು ಮಾಡುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇವನ ಕೈ ಏನನ್ನು ಹುಡುಕಲಿ?

ನೀವು ಹೇಳಿದ ನಾಯಿಗಳ ಕಥೆಯನ್ನೇ ತಗೊಳ್ಳಿ. 1925ರ ಜನವರಿ, ಅಲಾಸ್ಕಾದ ನೋಮ್ ಊರು. ಡಿಫ್ತೀರಿಯಾ, ನಮ್ಮ ಹಿರಿಯರ ಬಾಯಲ್ಲಿ ಗಂಟಲುಮಾರಿ, ಮಕ್ಕಳಿಗೆ ಹಬ್ಬಿತ್ತು. ಸಮುದ್ರ ಹೆಪ್ಪುಗಟ್ಟಿ ಹಡಗು ಬರುವ ಹಾಗಿರಲಿಲ್ಲ. ಔಷಧಿ ರೈಲಿನಲ್ಲಿ ನೆನಾನಾ ತನಕ ಬಂತು. ಅಲ್ಲಿಂದ ಮುಂದೆ 674 ಮೈಲಿ, ಅಂದರೆ ಸುಮಾರು 1,085 ಕಿಲೋಮೀಟರ್, ಬರೀ ಹಿಮ. 20 ಜನ ತಮ್ಮ ತಮ್ಮ ನಾಯಿಗಳ ಗಾಡಿ ಕಟ್ಟಿಕೊಂಡು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ತಲುಪಿಸಿದರು. ಫೆಬ್ರವರಿ 2ರ ಬೆಳಗಿನ ಜಾವ ಊರೊಳಗೆ ಬಂದ ಕೊನೆಯ ಗಾಡಿ ಗುನ್ನಾರ್ ಕಾಸೆನ್ ಅವರದು. ಮುಂದಾಳು ನಾಯಿ ಬಾಲ್ಟೊ. ಅದೇ ವರ್ಷ ಡಿಸೆಂಬರಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೊಗೆ ಪ್ರತಿಮೆ ಎದ್ದಿತು.

ಆದರೆ ಎಲ್ಲರಿಗಿಂತ ಉದ್ದದ, ಎಲ್ಲರಿಗಿಂತ ಅಪಾಯದ ದಾರಿ ಓಡಿದ್ದು ಲಿಯೊನ್‌ಹಾರ್ಡ್ ಸೆಪ್ಪಾಲಾ ಅವರ ಗಾಡಿ, ಅದರ ಮುಂದೆ ಟೋಗೊ ಅನ್ನುವ ನಾಯಿ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಓಡಿದರು. ಅದು ಮಧ್ಯದ ದಾರಿ. ಅಲ್ಲಿ ಕ್ಯಾಮೆರಾ ಇರಲಿಲ್ಲ, ಕಾದು ನಿಂತ ಜನ ಇರಲಿಲ್ಲ. ಟೋಗೊ ಹೆಸರು ಜನರ ಬಾಯಿಗೆ ಬರುವುದಕ್ಕೆ ಎಷ್ಟೋ ಕಾಲ ಹಿಡಿಯಿತು.

ನಿಮ್ಮ ಆಸ್ಪತ್ರೆ ಚಿತ್ರವೂ ಕೊನೆಯ ಗಾಡಿಯ ಚಿತ್ರ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಧ್ಯದ ಸಾಲು. ನಡುರಾತ್ರಿ ಕೊಪ್ಪರಿಗೆ ಬಿಟ್ಟು ಓಡಿಬಂದು ಕಬ್ಬು ಎತ್ತಿದವರು. ಅವರ ಹೆಸರೂ ನಿಮಗೆ ಗೊತ್ತಿರಲಿಕ್ಕಿಲ್ಲ. ಜಿಗ್ಸಾದ ನಡುವೆ ಅವರು ಇರಲಿ.

ಈಗ ಚಿತ್ರದ ಏರ್ಪಾಡು. ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಕಾಗದ ತಗೊಳ್ಳಿ. ಎಡಗಡೆ ಕೆಳಮೂಲೆಯಲ್ಲಿ ನಿಮ್ಮ ತಂಗಿ ಮನೆ ಬಾಗಿಲು. ಬಲಗಡೆ ಮೇಲ್ಮೂಲೆಯಲ್ಲಿ ಮೈಸೂರು. ನಡುವೆ ರಸ್ತೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಗಲಿ. ನೇರ ರಸ್ತೆ ಬರೆದರೆ ಅದು ಆರೇಳು ತುಂಡಿನಲ್ಲಿ ಮುಗಿದುಹೋಗುತ್ತದೆ. ಬಳಸಿಕೊಂಡು ಹೋದರೆ ಚಿತ್ರದ ಎಲ್ಲ ಕಡೆಯೂ ರಸ್ತೆಯ ಒಂದು ಚೂರು ಸಿಗುತ್ತದೆ. ಮಗು ಅದನ್ನೇ ಹಿಡಿದು ಮುಂದೆ ಹೋಗಬಹುದು. ಒಂದೇ ರಸ್ತೆಯ ಮೇಲೆ ಓಮ್ನಿಯೂ ಇರಲಿ, ಸ್ವಲ್ಪ ಮುಂದೆ ಆಂಬುಲೆನ್ಸೂ ಇರಲಿ, ಇನ್ನೂ ಮುಂದೆ ಅದೇ ಆಂಬುಲೆನ್ಸ್ ಕಾವೇರಿ ಸೇತುವೆ ಮೇಲೆ ಮತ್ತೊಮ್ಮೆ ಬರಲಿ. ಒಂದೇ ಗಾಡಿ ಎರಡು ಕಡೆ ಹೇಗೆ ಅಂತ ಮಕ್ಕಳು ಕೇಳುವುದಿಲ್ಲ. ದೊಡ್ಡವರು ಕೇಳುತ್ತಾರೆ, ಕೇಳಲಿ ಬಿಡಿ.

ಇದು ನಾನು ಕಂಡುಹಿಡಿದದ್ದಲ್ಲ. ಬಿಡುವಾದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಬನ್ನಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಆನೆ, ಕುದುರೆ, ಪಲ್ಲಕ್ಕಿ, ಸಾಲುಸಾಲು ಸಿಪಾಯಿಗಳು, ಎಲ್ಲ ಒಂದೇ ಗೋಡೆಯಲ್ಲಿ. ಯುದ್ಧ ಬಿಟ್ಟು ಬರೀ ಜಿಗ್ಸಾದವನ ಕಣ್ಣಲ್ಲಿ ನೋಡಿ. ಅಂಗೈ ಅಗಲ ಜಾಗ ಎಲ್ಲಿ ತಗೊಂಡರೂ ಅದರೊಳಗೆ ಏನಾದರೂ ಒಂದು ನಡೆಯುತ್ತಿರುತ್ತದೆ. ಖಾಲಿ ಜಾಗವೇ ಇಲ್ಲ. ನಾನು ಆ ಗೋಡೆ ಮುಂದೆ ನಿಂತಾಗಲೆಲ್ಲ ಮನಸ್ಸಿನಲ್ಲೇ ಗರಗಸ ಆಡಿಸುತ್ತಿರುತ್ತೇನೆ. ಕಾವಲಿನವರಿಗೆ ಗೊತ್ತಾದರೆ ಒಳಗೆ ಬಿಡಲಿಕ್ಕಿಲ್ಲ!

ಇನ್ನು ನಿಮ್ಮ ಕಪ್ಪು ಹಲಗೆಯ ವಿಷಯ. ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ.

ಮೊದಲನೆಯದು ಪ್ರಿಂಟ್‌ನದು. ನೀವು ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ ಸರಿಯಿದೆ ಅಂದುಕೊಂಡಿರುತ್ತೀರಿ. ಮೊಬೈಲ್ ಪರದೆ ಒಳಗಿನಿಂದ ಬೆಳಕು ಚೆಲ್ಲುತ್ತದೆ, ಹಾಗಾಗಿ ಕಡುನೀಲಿಯೂ ಹೊಳೆಯುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಕಡುನೀಲಿ, ಕಡುಹಸಿರು, ಕಂದು ಎಲ್ಲ ಒಟ್ಟಿಗೆ ಕಪ್ಪಾಗಿ ಮುಳುಗುತ್ತವೆ. ಇಡೀ ಚಿತ್ರ ಹಾಕಿಸುವ ಮೊದಲು ಒಂದು ಪಟ್ಟಿ ಮಾತ್ರ ಪ್ರಿಂಟ್ ಹಾಕಿಸಿ, ಬಿಸಿಲಲ್ಲಿ ಅಲ್ಲ, ಮನೆ ಟ್ಯೂಬ್‌ಲೈಟ್ ಕೆಳಗೆ ನೋಡಿ. ನಿಮಗೆ ಸರಿ ಅನಿಸುವುದಕ್ಕಿಂತ ಇನ್ನೂ ಒಂದು ಪಟ್ಟು ತಿಳಿ ಮಾಡಿಸಿ.

ಎರಡನೆಯದು ಚಿತ್ರದ್ದೇ. ನೀವು ಕತ್ತಲೆಗೆ ಒಂದೇ ಬಣ್ಣ ಹಚ್ಚಿದ್ದೀರಿ. ಇನ್‌ಲೇ ಕೆಲಸದಲ್ಲಿ ನಮಗೆ ಈ ಕಷ್ಟ ಬರುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಕತ್ತಲೆ ಅಂದರೆ ಬೀಟೆ ಮರವೇ. ಬಣ್ಣ ಇಲ್ಲ, ಮರದ ಸ್ವಂತ ಬಣ್ಣವೇ ಎಲ್ಲ. ಬೀಟೆಯಲ್ಲಿ ಎಳೆ ಇರುತ್ತದೆ. ಒಂದು ಕಡೆ ನೇರಳೆ ಕಪ್ಪು, ಒಂದು ಕಡೆ ಕೆಂಪು ಕಪ್ಪು, ನಡುವೆ ಹರಿಯುವ ಗೆರೆ. ಆಕಾಶಕ್ಕೆ ಎಳೆ ಅಡ್ಡ ಬರುವ ಹಾಗೆ, ನೀರಿಗೆ ಬೇರೆ ಚೂರು, ನೆಲಕ್ಕೆ ಬೇರೆ ಚೂರು ಆರಿಸುತ್ತಿದ್ದೆವು. ಹಾಗೆ ನೋಡಿದರೆ ಇನ್‌ಲೇ ಚಿತ್ರವೂ ಒಂದು ಜಿಗ್ಸಾನೇ, ಒಮ್ಮೆ ಜೋಡಿಸಿ ಅಂಟಿಸಿದ ಮೇಲೆ ಮತ್ತೆ ಬಿಚ್ಚುವುದಿಲ್ಲ ಅಷ್ಟೇ.

ನಿಮ್ಮ ಕತ್ತಲೆಗೂ ಹೀಗೆ ಎಳೆ ಕೊಡಿ. ಆಕಾಶ ಕಡುನೀಲಿ, ಅದರಲ್ಲಿ ಆಲೆಮನೆಯ ಹೊಗೆ ಬೂದಿ ಬಣ್ಣದಲ್ಲಿ ಏರಲಿ. ಕಬ್ಬಿನ ಗದ್ದೆ ಹಸಿರು ಕಪ್ಪು, ಗರಿಗಳ ಗೆರೆ ಎದ್ದು ಕಾಣಲಿ, ಅಲ್ಲಲ್ಲಿ ಕಬ್ಬಿನ ಬೆಳ್ಳನೆ ಹೂವು. ಪಾಂಡವಪುರದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬರುತ್ತದಲ್ಲ, ಅದರ ನೀರಿಗೆ ಅಡ್ಡಗೆರೆ. ದೂರದಲ್ಲಿ ಕುಂತಿ ಬೆಟ್ಟದ ಬೆನ್ನು. ಬೆಳಕು ಕೊಡುವುದಕ್ಕೆ ನಿಮ್ಮ ದಾರಿಯಲ್ಲೇ ಬೇಕಾದಷ್ಟಿದೆ. ಓಮ್ನಿಯ ಹೆಡ್‌ಲೈಟು ಹಳದಿ. ಆಂಬುಲೆನ್ಸಿನ ತಲೆ ಮೇಲೆ ಕೆಂಪು, ನೀಲಿ. ಸೇತುವೆ ದೀಪಗಳು ಕಾವೇರಿಯಲ್ಲಿ ಉದ್ದಕ್ಕೆ ಅಲುಗಾಡಲಿ. ಕೊನೆಗೆ ಚಾಮುಂಡಿ ಬೆಟ್ಟದ ದೀಪದ ಸಾಲು. ಎಲ್ಲಕ್ಕಿಂತ ದೊಡ್ಡ ಬೆಳಕು ಮಾತ್ರ ಆಲೆಮನೆ ಒಲೆಯದ್ದೇ ಇರಬೇಕು. ಕಬ್ಬಿನ ಸಿಪ್ಪೆ ಉರಿಯುವಾಗ ಬರುವ ಆ ಕಿತ್ತಳೆ ಬೆಳಕು ಚಿತ್ರದ ನಡುವೆ ಬಿದ್ದು, ಕಬ್ಬು ಎತ್ತುವವರ ಬೆನ್ನು, ತೋಳು, ಟವೆಲ್ ಕಟ್ಟಿದ ತಲೆಗಳ ಅಂಚು ಮಿರಮಿರ ಅನ್ನಲಿ. ಮಂಡ್ಯ ಜಿಲ್ಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಆಲೆಮನೆ ಬೆಳಕನ್ನು ನಾನು ಹೇಳಿಕೊಡಬೇಕಾ?

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದು ರಟ್ಟಿನಲ್ಲಿ ಮೂರೂವರೆ ಸೆಂಟಿಮೀಟರ್ ಚೌಕದ ಕಿಂಡಿ ಕತ್ತರಿಸಿ. ಅದನ್ನು ಚಿತ್ರದ ಮೇಲೆ ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. ಪ್ರತಿ ಸಲ ನಿಲ್ಲಿಸಿದಾಗ ಕಿಂಡಿಯೊಳಗೆ ಒಂದು ಗೆರೆಯೋ, ಒಂದು ಬಣ್ಣ ಬದಲಾಗುವುದೋ ಕಾಣಬೇಕು. ಒಂದೇ ಬಣ್ಣ ಕಂಡರೆ ಅದು ಸತ್ತ ತುಂಡು. ಅಂಥವು ನಾಲ್ಕೈದು ಇದ್ದರೆ ಚಿಂತೆಯಿಲ್ಲ, ಆಟಕ್ಕೆ ಸ್ವಲ್ಪ ಕಷ್ಟವೂ ಬೇಕು. ಇಪ್ಪತ್ತು ಮೂವತ್ತು ಇದ್ದರೆ ಮಕ್ಕಳು ಬೇಜಾರಾಗಿ ಎದ್ದು ಹೋಗುತ್ತಾರೆ. ಅಲ್ಲೊಂದು ಗೂಬೆ, ಇಲ್ಲೊಂದು ಟೆಲಿಫೋನ್ ಕಂಬ, ಮೈಲಿಗಲ್ಲು, ಮಲಗಿರುವ ನಾಯಿ, ಏನಾದರೂ ಸೇರಿಸಿ.

ತುಂಡಿನ ಲೆಕ್ಕ. ಎ3 ಅಳತೆ, ಅಂದರೆ 42 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಎತ್ತರ ಸಾಕು. ಅದೇ ಚಿತ್ರವನ್ನು ಎರಡು ಪ್ರತಿ ತೆಗೆಸಿ. ಹುಡುಗನಿಗೆ ಅಡ್ಡಕ್ಕೆ 7, ಉದ್ದಕ್ಕೆ 5, ಒಟ್ಟು 35 ತುಂಡು. ಒಂದೊಂದು ತುಂಡು ಹೆಚ್ಚುಕಮ್ಮಿ 6 ಸೆಂಟಿಮೀಟರ್ ಚೌಕ, ಸಣ್ಣ ಕೈಗೆ ಚೆನ್ನಾಗಿ ಸಿಗುತ್ತದೆ. ಅದರಲ್ಲಿ 20 ತುಂಡು ಅಂಚಿನವು, ಒಳಗಿನವು ಬರೀ 15. ಅಂಚು ಜೋಡಿಸಿದ ಕೂಡಲೇ ಅರ್ಧಕ್ಕಿಂತ ಜಾಸ್ತಿ ಮುಗಿಯಿತು ಅನ್ನುವ ಧೈರ್ಯ ಬರುತ್ತದೆ.

ಅಕ್ಕನಿಗೆ 12ಕ್ಕೆ 9. ಗುಣಿಸಿ ನೋಡಿ. 108. ಬೇಕು ಅಂತ ಮಾಡಿದ್ದಲ್ಲ, ಒಂಬತ್ತು ವರ್ಷದವರಿಗೆ ನಾನು ಯಾವಾಗಲೂ ಹೇಳುವ ಅಳತೆಯೇ ಇದು. ಆದರೆ ನಿಮ್ಮ ಪತ್ರ ಓದುವಾಗ ನನಗೇ ನಗು ಬಂತು. ಕರ್ನಾಟಕದಲ್ಲಿ 108 ಗಾಡಿ ಓಡಾಡಲು ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಡಬ್ಬದ ಮೇಲೆ "108 ತುಂಡು" ಅಂತ ದೊಡ್ಡದಾಗಿ ಬರೆಯಿರಿ. ಹುಡುಗಿಗೆ ಹೇಳಬೇಡಿ. ಅವಳಿಗೇ ಹೊಳೆಯಲಿ. ಇದರಲ್ಲಿ ಅಂಚಿನವು 38, ಒಳಗಿನವು 70. ಒಂದೊಂದು ತುಂಡು ಮೂರೂವರೆ ಸೆಂಟಿಮೀಟರಿನ ಆಸುಪಾಸು. ಮನೆಗೆ ಅಂಬೆಗಾಲಿಡುವ ಮಕ್ಕಳು ಬರುತ್ತಾರಾದರೆ ಈ ಡಬ್ಬ ಮೇಲೆ ಇರಲಿ, ಸಣ್ಣ ತುಂಡು ನೇರ ಬಾಯಿಗೇ ಹೋಗುತ್ತದೆ.

ಹಲಗೆಗೆ 3 ಅಥವಾ 4 ಎಂಎಂ ಪ್ಲೈವುಡ್. ತೀರಾ ಅಗ್ಗದ್ದು ಬೇಡ. ಅದರ ಒಳಪದರದಲ್ಲಿ ಟೊಳ್ಳು ಇರುತ್ತದೆ, ಪಕ್ಕದ ತುಂಡಿಗೆ ಸಿಕ್ಕಿಕೊಳ್ಳುವ ಗುಂಡು ತಲೆ ಅಲ್ಲೇ ಮುರಿಯುತ್ತದೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಕತ್ತರಿಸಲು ಸುಲಭ, ಆದರೆ ನೀರು ಬಿದ್ದರೆ ಊದಿಕೊಳ್ಳುತ್ತದೆ, ಮಕ್ಕಳ ಕೈ ಒದ್ದೆ ಇಲ್ಲದೆ ಇರುವುದು ಯಾವಾಗ? ಪ್ರಿಂಟ್ ಲೇಸರ್ ಪ್ರಿಂಟರಿನಲ್ಲೇ ಹಾಕಿಸಿ. ಇಂಕ್‌ಜೆಟ್ ಆದರೆ ಫೆವಿಕಾಲಿನ ನೀರಿಗೆ ಶಾಯಿ ಹರಡಬಹುದು. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಮಿಂಚಿ ಚಿತ್ರವೇ ಕಾಣುವುದಿಲ್ಲ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ, ಕಾಗದ ಇಟ್ಟು ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆ ಉರುಳಿಸಿ. ಹಲಗೆಯ ಹಿಂದೆಯೂ ಒಂದು ಬಿಳಿ ಕಾಗದ ಅಂಟಿಸುವುದನ್ನು ಮರೆಯಬೇಡಿ. ಒಂದೇ ಕಡೆ ಕಾಗದ ಇದ್ದರೆ ಒಣಗುವಾಗ ಅದು ಎಳೆದು ಹಲಗೆ ಸೊಟ್ಟಗಾಗುತ್ತದೆ. ರಾತ್ರಿಯೆಲ್ಲ ಮೇಲೆ ಭಾರ ಇಡಿ. ಮಕ್ಕಳ ಟಿನ್ ಟ್ರಂಕ್ ಆಗುತ್ತದೆ, ಚಪ್ಪಡಿ ಕಲ್ಲೂ ಆಗುತ್ತದೆ.

ಕತ್ತರಿಸುವುದು ಎರಡು ಥರ. ಮೈಸೂರಿನಲ್ಲಿ ಲೇಸರ್ ಕಟಿಂಗ್ ಮಾಡುವವರು ಸಿಗುತ್ತಾರೆ, ಫೈಲ್ ಕೊಟ್ಟರೆ ಬೇಗ ಮುಗಿಸಿಕೊಡುತ್ತಾರೆ. ಅಂಚು ಸುಟ್ಟು ಕಂದು ಬಣ್ಣವಾಗುತ್ತದೆ, ಒಂದೆರಡು ವಾರ ಹೊಗೆ ವಾಸನೆ ಇರುತ್ತದೆ. ನಿಮ್ಮ ಚಿತ್ರಕ್ಕೆ ಆಲೆಮನೆ ಇರುವುದರಿಂದ ಆ ವಾಸನೆಯೂ ಹೊಂದಿಕೊಳ್ಳುತ್ತದೆ ಬಿಡಿ! ಆದರೆ ಅವರ ಹತ್ತಿರ ಇರುವ ರೆಡಿಮೇಡ್ ವಿನ್ಯಾಸ ಒಪ್ಪಬೇಡಿ. ಅದಕ್ಕೆ ನಿಮ್ಮ ಚಿತ್ರದಲ್ಲಿ ಏನಿದೆ ಅಂತ ಗೊತ್ತಿಲ್ಲ, ತಲೆಯ ನಡುವೆಯೇ ಗೆರೆ ಎಳೆಯುತ್ತದೆ. ಗೆರೆ ನೀವೇ ಬರೆದುಕೊಡಿ.

ಇನ್ನೊಂದು ಫ್ರೆಟ್ ಸಾ. ಬಿಲ್ಲಿನ ಹಾಗೆ ಬಾಗಿದ ಚೌಕಟ್ಟು, ಅದಕ್ಕೆ ಎಳೆದು ಕಟ್ಟಿದ ಸಣ್ಣ ಬ್ಲೇಡು. ನಾನು ಕೈಯಲ್ಲೇ ಕತ್ತರಿಸುತ್ತೇನೆ. ಬ್ಲೇಡಿನ ಹಲ್ಲು ಕೆಳಕ್ಕೆ, ಹಿಡಿಯ ಕಡೆಗೆ ಇರಬೇಕು. ಚಿತ್ರ ಮೇಲೆ ಇರಬೇಕು. ಹಾಗಿದ್ದರೆ ಸಿಬಿರು ಏಳುವುದು ಹಿಂಬದಿಯಲ್ಲಿ, ಚಿತ್ರ ಹಾಳಾಗುವುದಿಲ್ಲ. ಮೊದಲು ಉದ್ದುದ್ದಕ್ಕೆ 8 ಅಲೆಗೆರೆ ಕತ್ತರಿಸಿ 9 ಪಟ್ಟಿ ಮಾಡಿಕೊಳ್ಳಿ. ಆಮೇಲೆ ಒಂದೊಂದು ಪಟ್ಟಿಗೆ 11 ಅಡ್ಡಗೆರೆ. ಒಟ್ಟು 99 ಸಣ್ಣ ಕತ್ತರಿಕೆ. ತಲೆ ತಿರುಗಿತಾ? ದಿನಕ್ಕೆ ಒಂದು ಪಟ್ಟಿ ಅಂದರೆ ಒಂಬತ್ತು ದಿನ, ನವರಾತ್ರಿ ಹಾಗೆ. ಹೊಸಬರಾದರೆ ಹತ್ತು ಬ್ಲೇಡ್ ಮುರಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಹಳೇ ಕ್ಯಾಲೆಂಡರ್ ಚಿತ್ರ ಅಂಟಿಸಿ ಅಭ್ಯಾಸ ಮಾಡಿ. ಗುಂಡು ತಲೆಯ ಕತ್ತು 5–6 ಎಂಎಂಗಿಂತ ಸಣ್ಣದಾದರೆ ಬೇಗ ಮುರಿಯುತ್ತದೆ.

ಕೈಯಲ್ಲಿ ಕತ್ತರಿಸುವುದರ ದೊಡ್ಡ ಲಾಭ ಬೇರೆಯೇ ಇದೆ. ತುಂಡಿಗೆ ಬೇಕಾದ ಆಕಾರ ಕೊಡಬಹುದು. ಜಿಗ್ಸಾ ಹುಟ್ಟಿದ್ದೇ ಹಾಗೆ. 1760ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಸ್ಪಿಲ್ಸ್‌ಬರಿ ಅನ್ನುವವರು ಭೂಪಟವನ್ನು ಹಲಗೆಗೆ ಅಂಟಿಸಿ ದೇಶಗಳ ಗಡಿಯ ಮೇಲೇ ಕತ್ತರಿಸಿದರು. ಮಕ್ಕಳು ದೇಶವನ್ನೇ ಕೈಯಲ್ಲಿ ಹಿಡಿದು ಭೂಗೋಳ ಕಲಿಯುತ್ತಿದ್ದರು. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕನ್ನು ಹೀಗೆ ಮಾಡಿದರೆ ನಿಮ್ಮ ಶಾಲೆಗೂ ಆಗುತ್ತದೆ, ಅದು ಇನ್ನೊಂದು ದಿನಕ್ಕೆ. ಈಗ ನಿಮ್ಮ ಚಿತ್ರದಲ್ಲಿ ಐದು ತುಂಡು ಮಾತ್ರ ವಸ್ತುವಿನ ಆಕಾರದಲ್ಲೇ ಕತ್ತರಿಸಿ. ಓಮ್ನಿ ಓಮ್ನಿಯ ಆಕಾರದಲ್ಲಿ, ಆಂಬುಲೆನ್ಸ್ ಅದರ ಆಕಾರದಲ್ಲಿ. ಕಬ್ಬಿನ ಕಂತೆ ಹೊತ್ತ ಒಬ್ಬ ಆಳು. ಇನ್ನೆರಡನ್ನು ಆಮೇಲೆ ಹೇಳುತ್ತೇನೆ. ಡಬ್ಬ ಸುರಿದ ಕೂಡಲೇ ಮಕ್ಕಳ ಕೈ ಇವಕ್ಕೇ ಹೋಗುತ್ತದೆ. ಒಟ್ಟು ಲೆಕ್ಕ 108 ತಪ್ಪದ ಹಾಗೆ ಅಕ್ಕಪಕ್ಕದ ತುಂಡು ಹೊಂದಿಸಿಕೊಳ್ಳಿ.

ಸಣ್ಣಪುಟ್ಟದ್ದು. ಅಂಚಿಗೆ ನುಣುಪು ಉಪ್ಪುಕಾಗದ ಉಜ್ಜಿ. ಎರಡು ಸೆಟ್ ಬೆರೆತುಹೋಗದ ಹಾಗೆ ಒಂದರ ಹಿಂಬದಿಗೆ ಪೆನ್ಸಿಲ್ ಗುರುತು ಹಾಕಿ. ಎಲ್ಲ ಕತ್ತರಿಸಿದ ಮೇಲೆ ಒಮ್ಮೆ ಪೂರ್ತಿ ಜೋಡಿಸಿ ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ. ಮುಂದೆ ಒಂದು ತುಂಡು ಕಳೆದರೆ ಅದೇ ಅಚ್ಚು. ಕಳೆಯದೆ ಇರುವುದಿಲ್ಲ. ಆಂಬುಲೆನ್ಸ್ ಸಿಬ್ಬಂದಿ, ಎದುರುಮನೆಯವರು, ಇವರ ಮುಖ ಗುರುತು ಸಿಗುವ ಹಾಗೆ ಬರೆಯುವುದಾದರೆ ಒಂದು ಮಾತು ಕೇಳಿಬಿಡಿ.

ಭಯದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ನಾನು ಡಾಕ್ಟರಲ್ಲ. ಹುಡುಗ ಈಗಲೂ ನಿದ್ದೆಯಲ್ಲಿ ಬೆಚ್ಚುತ್ತಾನೆ, ಸೈರನ್ ಕೇಳಿದರೆ ಅಳುತ್ತಾನೆ ಅಂತಿದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಈ ಉಡುಗೊರೆ ಕೊಡಬೇಡಿ. ಹಾಗೇನೂ ಇಲ್ಲವಾದರೆ ಬಣ್ಣ ಹಚ್ಚುವ ಮೊದಲು ಅವನನ್ನು ಪಕ್ಕ ಕೂರಿಸಿಕೊಂಡು ಕೇಳಿ: ಅವತ್ತು ರಾತ್ರಿ ಏನೇನು ನೆನಪಿದೆ ಮಗನೇ? ಸುಮ್ನೆ ಕೇಳಿಸಿಕೊಳ್ಳಿ, ತಿದ್ದಬೇಡಿ. ದೊಡ್ಡವರಿಗೆ ನೆನಪಿರುವುದು ಒಂದು, ಮಕ್ಕಳಿಗೆ ನೆನಪಿರುವುದು ಇನ್ನೊಂದು. ಅವನಿಗೆ ಬಿಸಿ ಬೆಲ್ಲದ ವಾಸನೆ ನೆನಪಿರಬಹುದು. ಡ್ರೈವರ್ ಮಾವನ ಟೋಪಿ ಇರಬಹುದು. ಅವನು ಹೇಳಿದ್ದು ಎಷ್ಟೇ ಸಣ್ಣದಾದರೂ ಚಿತ್ರದಲ್ಲಿ ಬರಲಿ. ಅವನೇ ಬಾಯಿಬಿಟ್ಟು ಮಾಸ್ಕ್ ಬರಿ ಮಾವ ಅಂದರೆ ಬರೆಯಿರಿ. ನಾನು ಬೇಡ ಅಂದೆ ಅಂತ ಬಿಡಬೇಡಿ. ಅವನು ಕೇಳದಿದ್ದರೆ ಆಂಬುಲೆನ್ಸಿನ ಕಿಟಕಿಯಲ್ಲಿ ಹಳದಿ ಬೆಳಕು, ಅದರಲ್ಲಿ ಅವನಮ್ಮನ ಬೆನ್ನು, ಅಷ್ಟು ಸಾಕು. ತಾನು ಎಲ್ಲಿದ್ದೆ ಅಂತ ಅವನಿಗೆ ಗೊತ್ತು.

ಇನ್ನು ಉಳಿದ ಎರಡು ಆಕಾರದ ತುಂಡು. ನಿಮ್ಮ ಪತ್ರದಲ್ಲೇ ಇದೆ. ಎಡ ಕೆಳಮೂಲೆಯಲ್ಲಿ ಬಾಗಿಲ ಮುಂದೆ ಉಳಿದುಹೋದ ಚಪ್ಪಲಿ ಒಂದು. ಬಲ ಮೇಲ್ಮೂಲೆಯಲ್ಲಿ, ಮೈಸೂರು ಆಸ್ಪತ್ರೆಯ ಮೆಟ್ಟಿಲ ಮೇಲೆ ಅದರ ಜೊತೆಯದು. ಎರಡನ್ನೂ ಚಪ್ಪಲಿ ಆಕಾರದಲ್ಲೇ ಕತ್ತರಿಸಿ. ಎರಡೂ ಪಕ್ಕಪಕ್ಕ ಸೇರುತ್ತವೆ ಅಂತ ಮಕ್ಕಳು ಒಂದಷ್ಟು ಹೊತ್ತು ಒದ್ದಾಡುತ್ತಾರೆ, ಸೇರುವುದಿಲ್ಲ. ಎಡಗಾಲಿನದು ಯಾವ ಕಡೆ, ಬಲಗಾಲಿನದು ಯಾವ ಕಡೆ ಅಂತ ಮಾತ್ರ ನಿಮ್ಮ ತಂಗಿಯನ್ನು ಕೇಳಿಕೊಂಡು ಬರೆಯಿರಿ. ಬಣ್ಣವನ್ನೂ ಕೇಳಿ. ತಪ್ಪು ಬರೆದರೆ ಮೊದಲು ಹಿಡಿಯುವುದು ಅವರೇ.